ಕಾನೂನು ಓದುತ್ತಲೇ ಸರ್ಕಾರಿ ಸೇವೆಗೆ ಸಿದ್ಧತೆ: ಪದವಿಯ ನಂತರದ ಮೂರು ವರ್ಷಗಳನ್ನು ಮರೆಯಬೇಡಿ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ಕಡೆಯೂ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಕುಳಿತಾಗ ಇತ್ತೀಚೆಗೆ ಒಂದು ಬದಲಾವಣೆ ನಮ್ಮ ಗಮನಕ್ಕೆ ಬಂದಿದೆ. ಮೊದಲು ಇಂಜಿನಿಯರಿಂಗ್, ನರ್ಸಿಂಗ್, ಡಿಪ್ಲೊಮಾ ಎನ್ನುತ್ತಿದ್ದ ಮಕ್ಕಳ ನಡುವೆ ಈಗ ‘ಕಾನೂನು ಓದುತ್ತೇನೆ’ ಎನ್ನುವವರೂ ಇದ್ದಾರೆ. ಯಾಕೆ ಎಂದು ಕೇಳಿದರೆ ‘ಜಡ್ಜ್ ಆಗಬೇಕು’, ‘ಐಎಎಸ್ ಬರೆಯಬೇಕು’ ಎಂಬ ಉತ್ತರ. ಸಂತೋಷದ ಸಂಗತಿ. ಆದರೆ ಪಕ್ಕದಲ್ಲಿ ಕುಳಿತ ತಂದೆಯ ಅಥವಾ ತಾಯಿಯ ಪ್ರಶ್ನೆ ಬೇರೆ: ‘ಸರ್, ಐದು ವರ್ಷ ಓದಿದ ಮೇಲೆ ಕೆಲಸ ಸಿಗುತ್ತದೆ ಅಲ್ವಾ?’

ಈ ಪ್ರಶ್ನೆಗೆ ಹೌದು ಎಂದು ಹೇಳಿ ಮನೆಗೆ ಕಳಿಸುವುದು ಸುಲಭ, ಆದರೆ ಅದು ಪೂರ್ತಿ ಸತ್ಯವಲ್ಲ. ಕಾನೂನು ಪದವಿಯ ಮೂಲಕ ಸರ್ಕಾರಿ ಸೇವೆಗೆ ಹೋಗುವ ದಾರಿ ಹೇಗಿದೆ, ಓದುವ ವರ್ಷಗಳಲ್ಲಿ ಏನು ಮಾಡಬೇಕು, ಮನೆಯವರು ಯಾವ ವರ್ಷಕ್ಕೆ ಹಣ ಎತ್ತಿಡಬೇಕು ಎಂಬುದನ್ನು ಈ ಬಾರಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇವೆ.

ಮೊದಲಿಗೆ ಕೋರ್ಸಿನ ವಿಷಯ. ಪಿಯುಸಿ ಆದವರಿಗೆ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ಮುಂತಾದ ಕೋರ್ಸುಗಳಿವೆ. ಯಾವುದೇ ಪದವಿ ಮುಗಿಸಿದವರಿಗೆ ಮೂರು ವರ್ಷದ ಎಲ್‌ಎಲ್‌.ಬಿ. ಇದೆ. ನಮ್ಮ ಮಕ್ಕಳು ಹೆಚ್ಚಾಗಿ ಸೇರುವುದು ಮಂಗಳೂರು, ಉಡುಪಿ, ಪುತ್ತೂರು, ಸುಳ್ಯದ ಕಾನೂನು ಕಾಲೇಜುಗಳಿಗೆ. ಇವು ಹುಬ್ಬಳ್ಳಿಯಲ್ಲಿ 2009ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಗೆ ‘ಕ್ಲಾಟ್’ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು. ಪಿಯುಸಿ ಮೊದಲ ವರ್ಷದಲ್ಲೇ ಅದಕ್ಕೆ ತಯಾರಿ ಆರಂಭಿಸುವ ಮಕ್ಕಳು ನಮ್ಮಲ್ಲಿ ಇನ್ನೂ ಕಡಿಮೆ. ಒಂದು ಎಚ್ಚರಿಕೆ: ಅಂಚೆ ತೆರಪಿನ ಶಿಕ್ಷಣದಲ್ಲಿ ಪಡೆದ ಎಲ್‌ಎಲ್‌.ಬಿ.ಯನ್ನು ಭಾರತೀಯ ವಕೀಲರ ಪರಿಷತ್ತು ಒಪ್ಪುವುದಿಲ್ಲ. ‘ಕಾಲೇಜಿಗೆ ಹೋಗದೆ ಎಲ್‌ಎಲ್‌.ಬಿ. ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಾನೂನು ಓದಿದವರಿಗೆ ತೆರೆದಿರುವ ಸರ್ಕಾರಿ ಸೇವೆಗಳಲ್ಲಿ ಎರಡು ಬಗೆ. ಕೆಲವು ಸೇವೆಗಳಿಗೆ ಪದವಿ ಒಂದಿದ್ದರೆ ಸಾಕು. ಐಎಎಸ್, ಐಪಿಎಸ್ ಒಳಗೊಂಡ ಕೇಂದ್ರ ನಾಗರಿಕ ಸೇವೆ ಮತ್ತು ನಮ್ಮ ರಾಜ್ಯದ ಕೆಎಎಸ್ ಈ ಬಗೆಯವು. ಇನ್ನು ಕೆಲವಕ್ಕೆ ಪದವಿಯ ಜೊತೆ ನ್ಯಾಯಾಲಯದ ಅನುಭವವೂ ಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆ ಮತ್ತು ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆ, ಅಂದರೆ ಜನ ಎಪಿಪಿ ಎನ್ನುವ ಹುದ್ದೆ, ಈ ಎರಡನೆಯ ಬಗೆಯವು.

ಸಿವಿಲ್ ನ್ಯಾಯಾಧೀಶರ ಹುದ್ದೆಯ ನಿಯಮ ಮೂರು ಬಾರಿ ತಿರುಗಿದೆ. ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಮೂರು ವರ್ಷ ವಕೀಲಿ ಮಾಡಿದವರೇ ಅರ್ಜಿ ಹಾಕಬೇಕು ಎಂದಿತು. ಆಮೇಲೆ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಅಧ್ಯಕ್ಷತೆಯ ಆಯೋಗದ ಶಿಫಾರಸನ್ನು ಒಪ್ಪಿ 2002ರಲ್ಲಿ ಆ ಷರತ್ತನ್ನು ತೆಗೆಯಿತು. ಅಂದಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಕಾಲೇಜು ಮುಗಿಸಿದ ವರ್ಷವೇ ಪರೀಕ್ಷೆ ಬರೆಯಲು ಅವಕಾಶವಿತ್ತು. 2025ರ ಮೇ 20ರಂದು ಅದೇ ಸಂಘದ ಪ್ರಕರಣದಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠ ಮೂರು ವರ್ಷದ ಷರತ್ತನ್ನು ಮತ್ತೆ ಜಾರಿಗೆ ತಂದಿತು. ಕೋರ್ಟಿನ ಒಳಹೊರಗು ಕಾಣದೆ ನೇರವಾಗಿ ನ್ಯಾಯಪೀಠದಲ್ಲಿ ಕೂರುವುದರಿಂದ ತೊಂದರೆಗಳಾಗಿವೆ ಎಂಬುದು ಹೈಕೋರ್ಟುಗಳ ಅನುಭವ ಎಂದು ಪೀಠ ಕಾರಣ ಕೊಟ್ಟಿತು.

ಅನುಭವದ ದೃಷ್ಟಿಯಿಂದ ಈ ತೀರ್ಪು ಸರಿಯೇ ಇರಬಹುದು. ಆಸ್ತಿಯ ದಾವೆಗಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದ ಯಾರನ್ನಾದರೂ ಕೇಳಿ, ಅನುಭವಿ ನ್ಯಾಯಾಧೀಶರು ಬೇಕು ಎನ್ನುತ್ತಾರೆ. ಆದರೆ ಹೊರೆ ಬೀಳುವುದು ಬಡ ಮನೆಯ ಮಗುವಿನ ಮೇಲೆ. ಲೆಕ್ಕ ಹಾಕಿ ನೋಡಿ. 18ಕ್ಕೆ ಪಿಯುಸಿ, 23ಕ್ಕೆ ಪದವಿ, 26ಕ್ಕೆ ಪರೀಕ್ಷೆ ಬರೆಯುವ ಅರ್ಹತೆ. ಅಧಿಸೂಚನೆ ಅದೇ ವರ್ಷ ಬರಬೇಕೆಂದೇನೂ ಇಲ್ಲ. ಮೊದಲ ಸಲವೇ ಆಯ್ಕೆಯಾಗಬೇಕೆಂದೂ ಇಲ್ಲ.

ಆ ಮೂರು ವರ್ಷ ಬೇರೆ ಕೆಲಸಕ್ಕೆ ಸೇರಿ ಸಂಬಳ ತರಬಹುದಲ್ಲ ಎಂದು ಹೆತ್ತವರು ಕೇಳುತ್ತಾರೆ. ಸಾಧ್ಯವಿಲ್ಲ. ವಕೀಲರಾಗಿ ನೋಂದಾಯಿಸಿಕೊಂಡವರು ವಕೀಲಿ ಮಾಡುತ್ತಿರುವಾಗ ಪೂರ್ಣಾವಧಿ ಸಂಬಳದ ನೌಕರಿ ಮಾಡಬಾರದು ಎಂಬುದು ವಕೀಲರ ಪರಿಷತ್ತಿನ 49ನೇ ನಿಯಮ. ಹಿರಿಯ ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿ ಸೇರಿದರೆ ಸಿಗುವ ಹಣ ಬಸ್ಸಿಗೂ ಊಟಕ್ಕೂ ಸಾಕಾಗದ ಉದಾಹರಣೆಗಳು ಬಹಳ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ.

ಮನೆಗಳಲ್ಲಿ ತಾಳ್ಮೆ ತಪ್ಪುವುದು ಇಲ್ಲಿಯೇ. ಓದುವಾಗ ಐದು ವರ್ಷ ಹೇಗೋ ಹೊಂದಿಸಿದ ತಂದೆ, ಪದವಿಯಾದ ಮೇಲೂ ಮಗ ಕೈಯಲ್ಲಿ ಫೈಲು ಹಿಡಿದು ಬರಿಗೈಯಲ್ಲಿ ಮನೆಗೆ ಬರುವುದನ್ನು ನೋಡುತ್ತಾನೆ. ಜುಬೈಲಿನಲ್ಲೋ ದುಬೈಯಲ್ಲೋ ಇರುವ ಭಾವ ವೀಸಾ ಕಳಿಸುತ್ತೇನೆ ಎನ್ನುತ್ತಾನೆ. ಮಗಳಾದರೆ ಅಷ್ಟರಲ್ಲಿ ಮೂರು ಸಂಬಂಧ ಬಂದಿರುತ್ತದೆ. ಯಾರನ್ನೂ ದೂರಿ ಪ್ರಯೋಜನವಿಲ್ಲ. ಮೂರು ವರ್ಷ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮನೆ ಅದಕ್ಕೆ ತಯಾರಾಗಿರುತ್ತದೆ. ಕಾಲೇಜು ಸೇರುವ ದಿನವೇ ‘ಐದು ವರ್ಷ’ ಎನ್ನಬೇಡಿ, ‘ಎಂಟು ವರ್ಷ’ ಎನ್ನಿ ಎಂದು ನಾವು ಈಗ ಪ್ರತಿ ಸಂದರ್ಶನದಲ್ಲೂ ಹೇಳುತ್ತಿದ್ದೇವೆ.

ಆ ಅವಧಿಯನ್ನು ಹಗುರ ಮಾಡುವ ಕೆಲವು ಸಂಗತಿಗಳೂ ಇವೆ. 2025ರ ತೀರ್ಪಿನ ಪ್ರಕಾರ ಅನುಭವದ ಲೆಕ್ಕ ಶುರುವಾಗುವುದು ತಾತ್ಕಾಲಿಕ ನೋಂದಣಿಯ ದಿನದಿಂದ. ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗುವವರೆಗೆ ಕಾಯಬೇಕಾಗಿಲ್ಲ. ಆದ್ದರಿಂದ ಫಲಿತಾಂಶ ಬಂದ ಕೂಡಲೇ ನೋಂದಣಿ ಮಾಡಿಸಿ. ‘ಹಬ್ಬ ಕಳೆಯಲಿ’, ‘ಮದುವೆ ಮುಗಿಯಲಿ’ ಎಂದು ಆರು ತಿಂಗಳು ಕಳೆದರೆ ಆ ಆರು ತಿಂಗಳು ಲೆಕ್ಕಕ್ಕೆ ಸಿಗದು. ನೋಂದಣಿಯ ಖರ್ಚಿಗೆ ಹೆದರಿ ಮುಂದೂಡುವ ಕಾರಣವೂ ಈಗ ಇಲ್ಲ. ಹಿಂದೆ ರಾಜ್ಯ ಪರಿಷತ್ತುಗಳು ನಾನಾ ಹೆಸರಿನಲ್ಲಿ ಸಾವಿರಾರು ರೂಪಾಯಿ ಪಡೆಯುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು, ವಕೀಲರ ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ, ಅದರ ಮೇಲೆ ಮುದ್ರಾಂಕ ಶುಲ್ಕ. ತಾತ್ಕಾಲಿಕ ನೋಂದಣಿಯಾದ ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಿಕೊಳ್ಳಬೇಕು.

ಅನುಭವದ ಪ್ರಮಾಣಪತ್ರ ಕೊಡುವುದು ಕನಿಷ್ಠ ಹತ್ತು ವರ್ಷ ವಕೀಲಿ ಮಾಡಿದ ವಕೀಲರು, ಅದನ್ನು ಆ ಸ್ಥಳದ ಅಥವಾ ಜಿಲ್ಲೆಯ ಪ್ರಧಾನ ನ್ಯಾಯಾಧಿಕಾರಿ ದೃಢೀಕರಿಸಬೇಕು. ಕಾಗದದ ಮೇಲಷ್ಟೇ ಜೂನಿಯರ್ ಆಗಿದ್ದು ಮನೆಯಲ್ಲಿ ಕುಳಿತು ಓದುತ್ತೇನೆ ಎಂದರೆ ನಡೆಯದು. ಆದ್ದರಿಂದ ಯಾರ ಕಚೇರಿ ಸೇರುತ್ತೀರಿ ಎಂಬುದು ಮುಖ್ಯ. ದೊಡ್ಡ ಹೆಸರಿಗಿಂತ, ಕಲಿಸುವ ಮನಸ್ಸಿರುವ, ನಿತ್ಯ ಕೋರ್ಟಿಗೆ ಹೋಗುವ ವಕೀಲರ ಕಚೇರಿ ಒಳ್ಳೆಯದು. ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ನ್ಯಾಯಾಲಯಗಳಿವೆ. ಮನೆಯಲ್ಲೇ ಉಂಡು, ಮನೆಯಲ್ಲೇ ಮಲಗಿ, ಊರ ಕೋರ್ಟಿನಲ್ಲಿ ಮೂರು ವರ್ಷ ದುಡಿದರೂ ಅದು ಬೆಂಗಳೂರಿನ ಮೂರು ವರ್ಷಕ್ಕೆ ಸಮವೇ. ಹಾಸ್ಟೆಲ್ ಬಾಡಿಗೆ ಉಳಿಯುತ್ತದೆ. ತಾಲೂಕು ಕೋರ್ಟಿನಲ್ಲಿ ಗಡಿ ತಕರಾರು, ಜೀವನಾಂಶ, ಚೆಕ್ ಬೌನ್ಸ್, ಅಪಘಾತ ಎಲ್ಲ ಬಗೆಯ ಪ್ರಕರಣವೂ ಕಣ್ಣಿಗೆ ಬೀಳುತ್ತದೆ.

ನ್ಯಾಯಮೂರ್ತಿಗಳ ಬಳಿ ಕಾನೂನು ಸಹಾಯಕರಾಗಿ, ಅಂದರೆ ಲಾ ಕ್ಲರ್ಕ್ ಆಗಿ ದುಡಿದ ಅವಧಿಯನ್ನೂ ಮೂರು ವರ್ಷದಲ್ಲಿ ಸೇರಿಸಬಹುದು ಎಂದು ಅದೇ ತೀರ್ಪಿನಲ್ಲಿದೆ. ಅದಕ್ಕೆ ಸಂಭಾವನೆ ಉಂಟು. ಇನ್ನೊಂದು ದಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ್ದು. ಬಡ ಆರೋಪಿಗಳ ಪರವಾಗಿ ವಾದಿಸಲು ‘ಕಾನೂನು ನೆರವು ಅಭಿರಕ್ಷಕರು’ ಎಂಬ ವ್ಯವಸ್ಥೆ 2022ರಿಂದ ಬೆಳೆಯುತ್ತಿದೆ. ಇದರಲ್ಲಿ ಸಹಾಯಕ ಹುದ್ದೆಗೆ ಮೂರು ವರ್ಷದೊಳಗಿನ ಅನುಭವದವರೂ ಅರ್ಜಿ ಹಾಕಬಹುದು. ಹಿರಿಯ ವಕೀಲರ ಬಳಿ ತರಬೇತಿ ಪಡೆಯುವ ಅಲ್ಪಸಂಖ್ಯಾತ ಕಾನೂನು ಪದವೀಧರರಿಗೆ ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದಿಂದ ಶಿಷ್ಯವೇತನದ ಯೋಜನೆಯಿದೆ. ಅರ್ಜಿ ಕರೆಯುವುದು ವರ್ಷಕ್ಕೊಮ್ಮೆ, ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ದಯವಿಟ್ಟು ನೋಡುತ್ತಿರಿ.

ಈಗ ಕಾಲೇಜಿನ ವರ್ಷಗಳಲ್ಲಿ ಮಾಡಬೇಕಾದ ಸಿದ್ಧತೆ. ಮೊದಲನೆಯದು ಭಾಷೆ. ಸುಮಾರು ಮೂರು ದಶಕ ಪಾಠ ಮಾಡಿದವರಾಗಿ ಇದನ್ನು ಸ್ವಲ್ಪ ಒತ್ತಿ ಹೇಳುತ್ತೇವೆ, ಬೇಸರಿಸಬೇಡಿ. ನಮ್ಮ ಮಕ್ಕಳು ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಬಳಸುತ್ತಾರೆ. ಮಾತಿನಲ್ಲಿ ನಾಲ್ಕು ಭಾಷೆ ಚೆನ್ನಾಗಿ ಬರುತ್ತದೆ, ಬರೆಯಲು ಕುಳಿತರೆ ಒಂದೂ ಗಟ್ಟಿ ಇರುವುದಿಲ್ಲ. ಕರ್ನಾಟಕದ ಸಿವಿಲ್ ನ್ಯಾಯಾಧೀಶರ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರಕ್ಕೇ ಒಂದು ಪತ್ರಿಕೆ ಇದೆ. ಸಾಕ್ಷಿ ಹೇಳಿಕೆ, ತೀರ್ಪಿನ ಭಾಗ, ದಸ್ತಾವೇಜುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಮಾಡಬೇಕು. ಉಳಿದ ಪತ್ರಿಕೆಗಳಲ್ಲಿ ವಿವಾದಾಂಶ ರಚಿಸುವುದು, ದೋಷಾರೋಪ ಹೊರಿಸುವುದು, ಸಿವಿಲ್ ಮತ್ತು ಕ್ರಿಮಿನಲ್ ತೀರ್ಪು ಬರೆಯುವುದು ಇರುತ್ತದೆ. ಇದು ಕೊನೆಯ ಆರು ತಿಂಗಳಲ್ಲಿ ಬರುವ ವಿದ್ಯೆಯಲ್ಲ. ದಿನಕ್ಕೆ ಒಂದು ಪುಟ. ಇವತ್ತು ಪತ್ರಿಕೆಯ ಸಂಪಾದಕೀಯವನ್ನು ಇಂಗ್ಲಿಷಿಗೆ, ನಾಳೆ ಒಂದು ತೀರ್ಪಿನ ಎರಡು ಪ್ಯಾರಾ ಕನ್ನಡಕ್ಕೆ. ಮನೆಯ ಹಳೆಯ ಕ್ರಯಪತ್ರ ಇದ್ದರೆ ಅದನ್ನೇ ತೆಗೆದು ಓದಿ. ‘ಚೆಕ್ಕುಬಂದಿ’, ‘ವರ್ಗ’, ‘ಕುಮ್ಕಿ’, ‘ಮೂಲಗೇಣಿ’ ಎಂಬ ಮಾತುಗಳಿಗೆ ಅರ್ಥ ತಿಳಿಯದ ನಮ್ಮ ಜಿಲ್ಲೆಯ ಕಾನೂನು ವಿದ್ಯಾರ್ಥಿಗೆ ಕಾನೂನು ಗೊತ್ತಿದೆ ಎಂದು ಹೇಳುವುದು ಕಷ್ಟ. ಅಕ್ಷರವೂ ಓದುವಂತಿರಲಿ.

ಎರಡನೆಯದು ಪುಸ್ತಕ. ಇದು ದಾನಿಗಳಿಗೂ ಸಂಬಂಧಿಸಿದ ಮಾತು. ಹಳೆಯ ಕಾನೂನು ಪುಸ್ತಕಗಳನ್ನು ನಮ್ಮ ಗ್ರಂಥಾಲಯಕ್ಕೆ ಕೊಡುವವರಿಗೆ ನಾವು ಋಣಿಗಳು. ಆದರೆ 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮದ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302 ಈಗ 103 ಆಗಿದೆ. ಸಿನಿಮಾಗಳಿಂದಾಗಿ ಎಲ್ಲರ ಬಾಯಲ್ಲಿದ್ದ ‘420’ ಈಗ 318ರೊಳಗೆ ಸೇರಿದೆ. ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್ ದಾಖಲಿಸುವ 154ನೇ ಕಲಮು ಈಗ 173. ದಂಡ ಸಂಹಿತೆಯ 511 ಕಲಮುಗಳ ಜಾಗದಲ್ಲಿ ಈಗ 358 ಇವೆ. ಆ ದಿನಾಂಕಕ್ಕೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಇನ್ನೂ ಕೆಲವು ವರ್ಷ ವಿದ್ಯಾರ್ಥಿಗಳು ಎರಡನ್ನೂ ತಿಳಿದಿರಬೇಕು. ಹಳೆಯ ಪುಸ್ತಕ ಬೇಡವೆಂದಲ್ಲ, ಪರೀಕ್ಷೆಗೆ ಓದುವ ಮಗುವಿಗೆ ಹೊಸ ಮೂಲ ಕಾಯ್ದೆಗಳ ಒಂದು ಕಟ್ಟು ತೆಗೆಸಿಕೊಟ್ಟರೆ ಹೆಚ್ಚು ಉಪಕಾರ. ಗೈಡುಗಳಿಗಿಂತ ಮೊದಲು ಮೂಲ ಕಾಯ್ದೆ ಓದುವ ಅಭ್ಯಾಸವಾಗಬೇಕು. ಪ್ರಾಥಮಿಕ ಪರೀಕ್ಷೆಯಲ್ಲಿ ಸರಿ ಉತ್ತರ ಸಿಗುವುದು ಕಲಮಿನ ಸರಿಯಾದ ಮಾತು ನೆನಪಿದ್ದವರಿಗೆ.

ಮೂರನೆಯದು ಕೋರ್ಟು ಕಚೇರಿಗಳ ಪರಿಚಯ. ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ, ಮೂರು ವರ್ಷದ ಕೋರ್ಸಿನಲ್ಲಿ ಕನಿಷ್ಠ 12 ವಾರ ಇಂಟರ್ನ್‌ಶಿಪ್ ಮಾಡಬೇಕೆಂದು ವಕೀಲರ ಪರಿಷತ್ತಿನ ನಿಯಮವಿದೆ. ಇದನ್ನು ಸಹಿ ಹಾಕಿಸಿಕೊಂಡು ಮುಗಿಸುವವರೇ ಹೆಚ್ಚು. ಸರ್ಕಾರಿ ಸೇವೆ ಬಯಸುವವರು ಈ ವಾರಗಳನ್ನು ಹಂಚಿಕೊಳ್ಳಬೇಕು. ಸ್ವಲ್ಪ ಕಾಲ ವಿಚಾರಣಾ ನ್ಯಾಯಾಲಯದ ವಕೀಲರ ಬಳಿ, ಸ್ವಲ್ಪ ಕಾಲ ಸರ್ಕಾರಿ ಅಭಿಯೋಜಕರ ಬಳಿ, ಸ್ವಲ್ಪ ಕಾಲ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಪ್ರತಿ ಹೆಣ್ಣುಮಗಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ನಮ್ಮ ಜಮಾಅತಿನ ಎಷ್ಟು ಮನೆಗಳಿಗೆ ಇದು ತಿಳಿದಿದೆ? 15100 ಎಂಬ ಉಚಿತ ದೂರವಾಣಿ ಇರುವುದು ಎಷ್ಟು ಜನರಿಗೆ ಗೊತ್ತು? ಕಾನೂನು ವಿದ್ಯಾರ್ಥಿಗಳು ಅರೆ ಕಾನೂನು ಸ್ವಯಂಸೇವಕರಾಗಿ ಸೇರಿ ಇಂಥ ಮಾಹಿತಿಯನ್ನು ಊರಿಗೆ ಮುಟ್ಟಿಸಬಹುದು. ಲೋಕ ಅದಾಲತ್ ನಡೆಯುವ ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರೂ ಸಾಕು, ಪುಸ್ತಕದಲ್ಲಿ ಸಿಗದ ಪಾಠ ಸಿಗುತ್ತದೆ.

ಕೆಎಎಸ್, ಐಎಎಸ್ ಬಯಸುವವರಿಗೆ ಇದರ ಜೊತೆಗೆ ಕಂದಾಯ ಇಲಾಖೆಯ ಪರಿಚಯವೂ ಬೇಕು. ತಹಶೀಲ್ದಾರರು, ಸಹಾಯಕ ಆಯುಕ್ತರು ಫೈಲಿಗೆ ಸಹಿ ಹಾಕುವ ಅಧಿಕಾರಿಗಳು ಮಾತ್ರ ಎಂದು ಜನ ತಿಳಿಯುತ್ತಾರೆ. ಅವರು ವಾರದಲ್ಲಿ ಕೆಲವು ದಿನ ನ್ಯಾಯಾಧೀಶರ ಕೆಲಸವನ್ನೇ ಮಾಡುತ್ತಾರೆ. 1964ರ ಭೂಕಂದಾಯ ಕಾಯ್ದೆಯಡಿ ಪಹಣಿಯ ಹೆಸರು ಬದಲಾವಣೆಯ ಮೇಲ್ಮನವಿ ಹೋಗುವುದು ಸಹಾಯಕ ಆಯುಕ್ತರಿಗೆ. ಬಂಟ್ವಾಳ, ಮೂಡುಬಿದಿರೆಯವರಿಗೆ ಮಂಗಳೂರು ಉಪವಿಭಾಗ, ಬೆಳ್ತಂಗಡಿಯವರಿಗೆ ಪುತ್ತೂರು. ನಮ್ಮ ಜಿಲ್ಲೆಯವರು ಕೇಳಿ ಕೇಳಿ ಅಭ್ಯಾಸವಾದ ‘144 ಸೆಕ್ಷನ್’, ಈಗಿನ 163, ಹೊರಡಿಸುವುದೂ ಕಾರ್ಯನಿರ್ವಾಹಕ ದಂಡಾಧಿಕಾರಿಗಳೇ. ಯಾರ ಮಾತು ಕೇಳಬೇಕು, ಯಾವ ದಾಖಲೆ ನೋಡಬೇಕು, ಆದೇಶದಲ್ಲಿ ಕಾರಣ ಹೇಗೆ ಬರೆಯಬೇಕು ಎಂಬುದನ್ನು ಕಾನೂನು ಓದಿದವರು ಕಾಲೇಜಿನಲ್ಲೇ ಕಲಿತಿರುತ್ತಾರೆ. ಕಾರಣ ಬರೆಯದೆ ಕೊಟ್ಟ ಆದೇಶದಿಂದ ಎಷ್ಟು ಕುಟುಂಬಗಳು ಮತ್ತೆ ಮತ್ತೆ ಅಲೆಯುತ್ತವೆ ಎಂಬುದು ಕಚೇರಿ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಕೇಂದ್ರ ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಹಂತದಲ್ಲಿ ಕಾನೂನನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಳ್ಳಬಹುದು. ತಲಾ 250 ಅಂಕದ ಎರಡು ಪತ್ರಿಕೆ. ಸಂವಿಧಾನ, ಆಡಳಿತ ಕಾನೂನು, ಅಂತರರಾಷ್ಟ್ರೀಯ ಕಾನೂನು, ಅಪರಾಧ, ದುಷ್ಕೃತ್ಯ, ಕರಾರು ಇವೆಲ್ಲ ಕಾಲೇಜಿನಲ್ಲಿ ಹೇಗೂ ಓದುವ ವಿಷಯಗಳೇ. ಲಿಖಿತ ಮತ್ತು ಸಂದರ್ಶನ ಸೇರಿ ಒಟ್ಟು 2025 ಅಂಕಗಳಲ್ಲಿ 500 ಅಂಕಕ್ಕೆ ಕಾಲೇಜಿನ ಓದೇ ಬುನಾದಿಯಾಗುತ್ತದೆ. ಆದ್ದರಿಂದ ಸೆಮಿಸ್ಟರ್ ಪರೀಕ್ಷೆಗೆ ಹಿಂದಿನ ದಿನ ಓದಿ ಮರೆಯುವ ಅಭ್ಯಾಸ ಬಿಟ್ಟು, ಆ ಟಿಪ್ಪಣಿಗಳನ್ನು ಜೋಪಾನ ಮಾಡಿ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಪ್ರಾಥಮಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ. ಸಾಮಾನ್ಯ ವರ್ಗಕ್ಕೆ 32 ವರ್ಷ, ಆರು ಅವಕಾಶ. ಕೆನೆಪದರವಲ್ಲದ ಹಿಂದುಳಿದ ವರ್ಗಕ್ಕೆ 35 ವರ್ಷ, ಒಂಬತ್ತು ಅವಕಾಶ. ಅವಕಾಶ ಇದೆಯೆಂದು ತಯಾರಿಲ್ಲದೆ ಬರೆದರೆ ಒಂದು ಅವಕಾಶ ಹೋದಂತೆಯೇ.

ಕೆಎಎಸ್‌ನಲ್ಲಿ ಈಗ ಐಚ್ಛಿಕ ವಿಷಯವಿಲ್ಲ, ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನದ ಪತ್ರಿಕೆಗಳದ್ದೇ ಆಟ. ಇಲ್ಲಿ ಭಾಷೆಯ ಮಾತು ಮತ್ತೆ ಬರುತ್ತದೆ. 384 ಹುದ್ದೆಗಳ ನೇಮಕಾತಿಗೆ 2024ರ ಆಗಸ್ಟ್ 27ರಂದು ನಡೆದ ಪ್ರಾಥಮಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಶ್ನೆಗಳ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಸರ್ಕಾರ ಮರುಪರೀಕ್ಷೆ ನಡೆಸಬೇಕಾಯಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳ ದೂರು ಬಂತು, ಕನ್ನಡ ಮಾಧ್ಯಮದ ಅಭ್ಯರ್ಥಿಗಳು ಬೀದಿಗಿಳಿದರು. ಅವರ ಕೋಪ ನ್ಯಾಯವಾದದ್ದೇ. ಸರಿಯಾದ ಕನ್ನಡದಲ್ಲಿ ಪ್ರಶ್ನೆ ಕೇಳುವುದು ಆಯೋಗದ ಕರ್ತವ್ಯ. ಅದು ಸರಿಹೋಗುವವರೆಗೆ ನಮ್ಮ ಮಕ್ಕಳು ಕನ್ನಡದ ಪ್ರಶ್ನೆ ಅರ್ಥವಾಗದಿದ್ದರೆ ಪಕ್ಕದ ಇಂಗ್ಲಿಷ್ ಪಾಠವನ್ನು ಓದಿ ತಿಳಿಯುವಷ್ಟು ಇಂಗ್ಲಿಷ್ ಕಲಿತಿರಲೇಬೇಕು.

ತರಬೇತಿಯ ಬಗ್ಗೆ ಎರಡು ಮಾತು. ಲಕ್ಷ ರೂಪಾಯಿ ಕೊಟ್ಟು ದೆಹಲಿಗೆ ಹೋಗುವ ಮೊದಲು ಉಚಿತ ವ್ಯವಸ್ಥೆಗಳನ್ನು ವಿಚಾರಿಸಿ. ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ ಅಲ್ಪಸಂಖ್ಯಾತರು, ಪರಿಶಿಷ್ಟರು ಮತ್ತು ಮಹಿಳೆಯರಿಗಾಗಿ ವಸತಿ ತರಬೇತಿ ಅಕಾಡೆಮಿ ಇದೆ, ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ. 2021ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ದೇಶಕ್ಕೆ ಮೊದಲಿಗರಾದ ಶ್ರುತಿ ಶರ್ಮಾ ಅಲ್ಲಿ ತರಬೇತಿ ಪಡೆದವರು. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯೂ ಪರೀಕ್ಷಾಪೂರ್ವ ತರಬೇತಿಗೆ ಅಭ್ಯರ್ಥಿಗಳನ್ನು ಆಯ್ಕೆ ಮಾಡುತ್ತದೆ.

‘ನಮ್ಮಂಥವರಿಗೆ ಅದೆಲ್ಲ ಸಿಗುತ್ತದಾ’ ಎಂದು ಕೇಳುವವರಿಗೆ ದೂರದ ಉದಾಹರಣೆ ಬೇಡ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಎಸ್. ಅಬ್ದುಲ್ ನಝೀರ್ ಹುಟ್ಟಿದ್ದು 1958ರಲ್ಲಿ ಮೂಡುಬಿದಿರೆ ಹತ್ತಿರದ ಬೆಳುವಾಯಿಯಲ್ಲಿ. ಬಿ.ಕಾಂ. ಓದಿದ್ದು ಮೂಡುಬಿದಿರೆಯ ಮಹಾವೀರ ಕಾಲೇಜಿನಲ್ಲಿ, ಕಾನೂನು ಓದಿದ್ದು ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜಿನಲ್ಲಿ. ನಮ್ಮ ಮಕ್ಕಳು ಇಂದಿಗೂ ಬಸ್ಸು ಹತ್ತಿ ಹೋಗುವ ಕಾಲೇಜುಗಳೇ ಇವು. 1983ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡು, ಬೆಂಗಳೂರಿನ ಹೈಕೋರ್ಟಿನಲ್ಲಿ 20 ವರ್ಷ ವಕೀಲಿ ಮಾಡಿ, 2003ರಲ್ಲಿ ಅಲ್ಲಿಯೇ ನ್ಯಾಯಮೂರ್ತಿಯಾದರು. 2017ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು, 2023ರ ಜನವರಿಯಲ್ಲಿ ನಿವೃತ್ತರಾಗಿ ಫೆಬ್ರವರಿಯಲ್ಲಿ ಆಂಧ್ರಪ್ರದೇಶದ ರಾಜ್ಯಪಾಲರಾದರು. ಅವರು ಕುಳಿತ ಪೀಠಗಳ ತೀರ್ಪುಗಳ ಬಗ್ಗೆ ಜನರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಅದು ಈ ಬರಹದ ವಿಷಯವಲ್ಲ. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಆ 20 ವರ್ಷ. ಪಕ್ಕದ ಕಾರ್ಕಳ ತಾಲೂಕಿನ ಕೌಡೂರಿನವರಾದ ಕೆ.ಎಸ್. ಹೆಗ್ಡೆ ಅವರು ಸರ್ಕಾರಿ ಅಭಿಯೋಜಕರಾಗಿ ದುಡಿದು, ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೂ ಲೋಕಸಭೆಯ ಸ್ಪೀಕರೂ ಆದರು.

ಹೆಣ್ಣುಮಕ್ಕಳ ಹೆತ್ತವರು ಇನ್ನೊಂದು ಹೆಸರನ್ನು ತಿಳಿದಿರಲಿ. ನೆರೆಯ ಕೇರಳದ ಪತ್ತನಂತಿಟ್ಟದ ಫಾತಿಮಾ ಬೀವಿ 1950ರಲ್ಲಿ ವಕೀಲರಾಗಿ, 1958ರಲ್ಲಿ ಮುನ್ಸಿಫ್ ಹುದ್ದೆಯಿಂದ ನ್ಯಾಯಾಂಗ ಸೇವೆ ಆರಂಭಿಸಿದರು. ಮುನ್ಸಿಫ್ ಎಂದರೆ ಇಂದಿನ ಸಿವಿಲ್ ನ್ಯಾಯಾಧೀಶರ ಮಟ್ಟದ ಕೆಳಗಿನ ಹುದ್ದೆ. ಒಂದೊಂದೇ ಮೆಟ್ಟಿಲು ಹತ್ತಿ 1974ರಲ್ಲಿ ಜಿಲ್ಲಾ ನ್ಯಾಯಾಧೀಶರು, 1983ರಲ್ಲಿ ಹೈಕೋರ್ಟು, 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಅವರು ವಕೀಲಿಗೆ ಇಳಿದಾಗ ಕೋರ್ಟಿನಲ್ಲಿ ಹೆಣ್ಣುಮಕ್ಕಳನ್ನು ಕಾಣುವುದೇ ಅಪರೂಪ. ಇಂದು ನಮ್ಮ ಮಗಳಿಗೆ ಮೂರು ವರ್ಷ ಕೊಡಲು ಹಿಂಜರಿಯುವ ಮನೆಯವರಲ್ಲಿ ನಮ್ಮದೊಂದು ಕೋರಿಕೆ: ಮದುವೆಯ ಮಾತುಕತೆ ಬಂದಾಗ, ಮಗಳು ವಕೀಲಿ ಮುಂದುವರಿಸುತ್ತಾಳೆ, ಪರೀಕ್ಷೆ ಬರೆಯುತ್ತಾಳೆ ಎಂಬುದನ್ನು ಮೊದಲ ದಿನವೇ ಆ ಕಡೆಯವರಿಗೆ ತಿಳಿಸಿ. ಒಪ್ಪುವ ಮನೆಗಳು ಇವೆ. ಸಿವಿಲ್ ನ್ಯಾಯಾಧೀಶರ ಆರಂಭದ ಮೂಲ ವೇತನ ಈಗ 77,840 ರೂಪಾಯಿ ಎಂಬುದನ್ನೂ ಬೇಕಾದರೆ ಹೇಳಿ.

ಪ್ರಮಾಣಪತ್ರಗಳ ವಿಷಯದಲ್ಲಿ ಕೊನೆಯ ಗಳಿಗೆಯ ಓಡಾಟ ಬೇಡ. ರಾಜ್ಯದ ಹುದ್ದೆಗಳಿಗೆ ಪ್ರವರ್ಗ 2ಬಿ ಪ್ರಮಾಣಪತ್ರ. ಕೇಂದ್ರದ ಪರೀಕ್ಷೆಗೆ ಅದು ನಡೆಯುವುದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ, ನಮೂನೆಯೂ ಬೇರೆ. ನಿಮ್ಮ ಸಮುದಾಯದ ಹೆಸರು ಆ ಪಟ್ಟಿಯಲ್ಲಿ ಹೇಗಿದೆ ಎಂದು ತಾಲೂಕು ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪದವಿ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಒಂದರಲ್ಲಿ ‘ಮಹಮ್ಮದ್’, ಇನ್ನೊಂದರಲ್ಲಿ ‘ಮೊಹಮ್ಮದ್’, ಮತ್ತೊಂದರಲ್ಲಿ ಬರೀ ‘ಎಂ.ಡಿ.’ ಎಂದಿದ್ದರೆ ದಾಖಲೆ ಪರಿಶೀಲನೆಯ ದಿನ ಕಣ್ಣೀರಿಡಬೇಕಾಗುತ್ತದೆ. ಪ್ರಥಮ ವರ್ಷದಲ್ಲೇ ಸರಿಪಡಿಸಿಕೊಳ್ಳಿ.

ದಾನಿಗಳಲ್ಲಿ ನಮ್ಮ ನಿವೇದನೆ ಇದು. ಇದುವರೆಗೆ ನಮ್ಮ ವಿದ್ಯಾರ್ಥಿವೇತನ ಅಂತಿಮ ವರ್ಷದ ಶುಲ್ಕದೊಂದಿಗೆ ಮುಗಿಯುತ್ತಿತ್ತು. ಕಾನೂನು ವಿದ್ಯಾರ್ಥಿಗಳ ಮಟ್ಟಿಗೆ ನಿಜವಾದ ಕಷ್ಟ ಆಮೇಲೆ ಶುರುವಾಗುವುದರಿಂದ, ನ್ಯಾಯಾಂಗ ಅಥವಾ ಅಭಿಯೋಜನಾ ಸೇವೆಗೆ ಸಿದ್ಧರಾಗುವ ಪದವೀಧರರಿಗೆ ನೋಂದಣಿಯ ದಿನದಿಂದ ಮೂರು ವರ್ಷ ತಿಂಗಳ ನೆರವು ಕೊಡಬೇಕೆಂದು ಸಮಿತಿ ತೀರ್ಮಾನಿಸಿದೆ. ಎಷ್ಟು ಮಂದಿಗೆ ಕೊಡಬಹುದು ಎಂಬುದು ಬರುವ ದೇಣಿಗೆಯನ್ನು ಅವಲಂಬಿಸಿದೆ. ಒಬ್ಬ ಪದವೀಧರನ ಅಥವಾ ಪದವೀಧರೆಯ ಮೂರು ವರ್ಷವನ್ನು ಒಂದು ಕುಟುಂಬ ಪೂರ್ತಿಯಾಗಿ ವಹಿಸಿಕೊಳ್ಳಬಹುದು, ಇಬ್ಬರು ಮೂವರು ಸೇರಿಯೂ ವಹಿಸಿಕೊಳ್ಳಬಹುದು. ನಡುವೆ ನಿಲ್ಲಿಸದಂತೆ ಮೊದಲೇ ಆಲೋಚಿಸಿ ಒಪ್ಪಿಕೊಳ್ಳಬೇಕೆಂದು ವಿನಂತಿ. ವಕೀಲರಾಗಿರುವ ನಮ್ಮ ದಾನಿಗಳು ಹಣದ ಬದಲು ತಮ್ಮ ಕಚೇರಿಯಲ್ಲಿ ಒಂದು ಕುರ್ಚಿ ಕೊಟ್ಟು ಕಲಿಸಿದರೂ ನಾವು ಅದನ್ನು ದೇಣಿಗೆಯೆಂದೇ ದಾಖಲಿಸುತ್ತೇವೆ.

ಈ ನೆರವು ಬಯಸುವವರು ಪದವಿಯ ಅಂಕಪಟ್ಟಿ, ತಾತ್ಕಾಲಿಕ ನೋಂದಣಿ ಪತ್ರ, ಹಿರಿಯ ವಕೀಲರ ಒಪ್ಪಿಗೆ ಪತ್ರ ಮತ್ತು ಕುಟುಂಬದ ಆದಾಯ ಪ್ರಮಾಣಪತ್ರ ಲಗತ್ತಿಸಬೇಕು. ಅಂತಿಮ ವರ್ಷದಲ್ಲಿರುವವರು ಈಗಲೇ ಹೆಸರು ಬರೆಸಬಹುದು, ಉಳಿದ ಪತ್ರಗಳನ್ನು ಫಲಿತಾಂಶದ ನಂತರ ಕೊಟ್ಟರಾಯಿತು. ಸಂದರ್ಶನಕ್ಕೆ ಬರುವಾಗ ತಂದೆ ಅಥವಾ ತಾಯಿ ಜೊತೆಗಿರಬೇಕು. ಅಲ್ಲಿ ಅಭ್ಯರ್ಥಿಗೆ ಅರ್ಧ ಪುಟದ ಕನ್ನಡ ದಸ್ತಾವೇಜೊಂದನ್ನು ಇಂಗ್ಲಿಷಿಗೆ ಬರೆಯಲು ಕೊಡಲಾಗುವುದು. ಪೆನ್ನು ತರಬೇಕು. ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟಗಳಲ್ಲಿದೆ.